ಆಕಳಿಕೆ: ಬರುವುದು ಯಾಕೆ, ಅಂಟುವುದು ಯಾಕೆ

ಆಕಳಿಕೆ ಬಂದಾಗ ದೇಹದಲ್ಲಿ ಏನೇನು ನಡೆಯುತ್ತದೆ ಅನ್ನುವುದನ್ನು ಮೊದಲು ನಿಧಾನವಾಗಿ ನೋಡೋಣ. ಹುಟ್ಟಿದಾಗಿನಿಂದ ಮಾಡುತ್ತಾ ಬಂದ ಕೆಲಸ ಇದು. ಆದರೂ ನಮ್ಮಲ್ಲಿ ಹೆಚ್ಚಿನವರು ಇದನ್ನು ಸರಿಯಾಗಿ ಗಮನಿಸಿರುವುದಿಲ್ಲ. ದವಡೆ ಕೆಳಗಿಳಿಯುತ್ತದೆ. ಮಾತಾಡುವಾಗ, ಉಣ್ಣುವಾಗ ಎಂದೂ ತೆರೆಯದಷ್ಟು ಅಗಲಕ್ಕೆ ಬಾಯಿ ತೆರೆಯುತ್ತದೆ. ನಾಲಿಗೆ ಹಿಂದಕ್ಕೆ ಸರಿಯುತ್ತದೆ, ಗಂಟಲು ಹಿಗ್ಗುತ್ತದೆ. ಉಸಿರು ಉದ್ದಕ್ಕೆ ಒಳಗೆ ಹೋಗುತ್ತದೆ. ಆಮೇಲೆ ಒಂದು ಗಳಿಗೆ ಎಲ್ಲವೂ ಬಿಗಿಯಾಗಿ ನಿಲ್ಲುತ್ತದೆ. ಕಣ್ಣು ತಾವಾಗಿ ಮುಚ್ಚಿಕೊಳ್ಳುತ್ತವೆ. ಕಿವಿಯೊಳಗೆ ‘ಟಕ್’ ಅನ್ನುತ್ತದೆ, ಎದುರಿಗಿರುವವರ ಮಾತು ದೂರದಿಂದ ಬಂದ ಹಾಗೆ ಕೇಳುತ್ತದೆ. ಕಿವಿಗೂ ಗಂಟಲಿಗೂ ನಡುವೆ ಇರುವ ಸಣ್ಣ ನಾಳ ತೆರೆದುಕೊಂಡ ಸದ್ದು ಅದು. ಕೊನೆಗೆ ಉಸಿರು ಸರ್ರನೆ ಹೊರಗೆ ಬರುತ್ತದೆ, ಕಣ್ಣಿನ ಅಂಚಿನಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ.

ಇದೆಲ್ಲ ಮುಗಿಯಲು ಸುಮಾರು 6 ಸೆಕೆಂಡು ಬೇಕು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆಯಲ್ಲಿ ರಾಬರ್ಟ್ ಪ್ರೊವೈನ್ ಅನ್ನುವ ವಿಜ್ಞಾನಿ ಇದ್ದರು. ನಗು, ಬಿಕ್ಕಳಿಕೆ, ಆಕಳಿಕೆ ಇಂಥ ‘ಸಣ್ಣ’ ವಿಷಯಗಳನ್ನೇ ಹಿಡಿದು ವರ್ಷಗಟ್ಟಲೆ ದುಡಿದವರು. ಆಕಳಿಕೆಯನ್ನು ಗಡಿಯಾರ ಹಿಡಿದು ಅಳೆದವರಲ್ಲಿ ಅವರು ಮೊದಲಿಗರು. ಆಕಳಿಕೆ ಒಂದು ಸಲ ಶುರುವಾದರೆ ಅರ್ಧಕ್ಕೆ ನಿಲ್ಲುವುದಿಲ್ಲ ಅಂತ ಅವರು ತೋರಿಸಿಕೊಟ್ಟರು. ಇದನ್ನು ನೀವೇ ಈಗ ಪರೀಕ್ಷಿಸಬಹುದು. ಇಷ್ಟು ಹೊತ್ತಿಗೆ ಕೆಲವರಿಗೆ ಆಕಳಿಕೆ ಬಂದೇ ಇರುತ್ತದೆ. ಹಿಂದಿನ ಸಾಲಿನಲ್ಲಿ ಕೈಗಳು ಬಾಯಿಗೆ ಹೋಗುತ್ತಿರುವುದು ಇಲ್ಲಿಂದ ಕಾಣುತ್ತಿದೆ. ಸಂಕೋಚ ಬೇಡ, ಇವತ್ತು ಧಾರಾಳವಾಗಿ ಆಕಳಿಸಿ. ಆದರೆ ಮುಂದಿನ ಸಲ ಬಂದಾಗ ಹಲ್ಲು ಕಚ್ಚಿಕೊಂಡು ಆಕಳಿಸಿ ನೋಡಿ. ಹಲ್ಲು ಕಚ್ಚಿದರೂ ತುಟಿ ತೆರೆದೇ ಇರಲಿ, ಉಸಿರಾಟಕ್ಕೆ ಏನೂ ಅಡ್ಡಿ ಇಲ್ಲ. ಆದರೂ ಆಕಳಿಕೆ ಎಲ್ಲೋ ನಡುವೆ ಸಿಕ್ಕಿಹಾಕಿಕೊಂಡ ಹಾಗಾಗುತ್ತದೆ. ತೃಪ್ತಿ ಆಗುವುದಿಲ್ಲ. ಇನ್ನೊಂದು ಸಲ ಬಂದಾಗ ಮೂಗು ಹಿಡಿದುಕೊಂಡು ಬಾಯಿ ತೆರೆದು ಆಕಳಿಸಿ. ಆರಾಮಾಗಿ ಆಗುತ್ತದೆ. ಮೂರನೆಯದು, ಬಾಯಿ ಮುಚ್ಚಿ ಬರೀ ಮೂಗಿನಲ್ಲಿ ಉಸಿರೆಳೆದು ಆಕಳಿಸಲು ನೋಡಿ. ಆಗುವುದೇ ಇಲ್ಲ.

ಈ ಮೂರು ಸಣ್ಣ ಪರೀಕ್ಷೆಗಳಿಂದ ಒಂದು ದೊಡ್ಡ ವಿಷಯ ಹೊರಬರುತ್ತದೆ. ಆಕಳಿಕೆ ಅಂದರೆ ಸುಮ್ನೆ ಒಂದು ದೊಡ್ಡ ಉಸಿರು ಅಲ್ಲ. ಬರೀ ಉಸಿರಿನ ಕೆಲಸವಾಗಿದ್ದರೆ ಮೂಗಿನಲ್ಲೇ ಮುಗಿಯಬೇಕಿತ್ತು, ಅಲ್ವಾ? ಇಲ್ಲಿ ದವಡೆ ಅಗಲಿಸುವುದೇ ಮುಖ್ಯ.

ಇದನ್ನು ಮೊದಲೇ ಹೇಳಲು ಕಾರಣ ಇದೆ. ‘ಆಕಳಿಕೆ ಯಾಕೆ ಬರುತ್ತದೆ’ ಅಂತ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗುತ್ತದೆ, ಅದನ್ನು ಸರಿಮಾಡಲು ದೇಹ ದೊಡ್ಡ ಉಸಿರು ತೆಗೆದುಕೊಳ್ಳುತ್ತದೆ ಅಂತ. ನಿಮ್ಮಲ್ಲೂ ಎಷ್ಟೋ ಜನ ಶಾಲೆಯಲ್ಲಿ ಇದನ್ನೇ ಕಲಿತಿರುತ್ತೀರಿ. ಕೇಳಲು ಎಷ್ಟು ಸರಿಯಾಗಿದೆ ಅನ್ನಿಸುತ್ತದೆ! ಅದಕ್ಕೇ ಇಷ್ಟು ಕಾಲ ಉಳಿದುಕೊಂಡಿತು. 1987ರಲ್ಲಿ ಪ್ರೊವೈನ್ ಮತ್ತು ಅವರ ಜೊತೆಗಾರರು ಇದನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದರು. ಜನರಿಗೆ ಶುದ್ಧ ಆಮ್ಲಜನಕ ಕೊಟ್ಟು ಉಸಿರಾಡಲು ಹೇಳಿದರು. ಆಕಳಿಕೆ ಕಡಿಮೆಯಾಗಲಿಲ್ಲ. ಆಮೇಲೆ ಇಂಗಾಲದ ಡೈಆಕ್ಸೈಡನ್ನು 3ರಿಂದ 5 ಶೇಕಡದಷ್ಟು ಬೆರೆಸಿದ ಗಾಳಿ ಕೊಟ್ಟರು. ನಮ್ಮ ಸುತ್ತಲಿನ ಗಾಳಿಯಲ್ಲಿರುವುದಕ್ಕಿಂತ ಇದು ಸುಮಾರು ನೂರು ಪಟ್ಟು ಹೆಚ್ಚು. ಉಸಿರಾಟ ಜೋರಾಯಿತು, ಆಕಳಿಕೆ ಮಾತ್ರ ಹೆಚ್ಚಾಗಲಿಲ್ಲ. ವ್ಯಾಯಾಮ ಮಾಡಿಸಿ ಏದುಸಿರು ಬರಿಸಿದರು. ಆಗಲೂ ಅಷ್ಟೇ. ಉಸಿರಾಟವೂ ಆಕಳಿಕೆಯೂ ಬೇರೆ ಬೇರೆ ದಾರಿಯಲ್ಲಿ ನಡೆಯುತ್ತವೆ ಅನ್ನುವುದು ಅಲ್ಲಿಗೆ ಸ್ಪಷ್ಟವಾಯಿತು. ಇಷ್ಟು ವರ್ಷ ಕಳೆದ ಮೇಲೂ ಮಕ್ಕಳಿಗೆ ಹಳೆಯ ಉತ್ತರವನ್ನೇ ಹೇಳಿಕೊಡುತ್ತಿದ್ದೇವಲ್ಲ, ಅದು ನನಗೆ ನಿಜವಾಗಿ ಬೇಸರದ ಸಂಗತಿ.

ಇನ್ನೂ ಗಟ್ಟಿಯಾದ ಸಾಕ್ಷಿ ಬೇಕಾದರೆ ತಾಯಿಯ ಹೊಟ್ಟೆಯೊಳಗೆ ನೋಡಬೇಕು. ಗರ್ಭದಲ್ಲಿರುವ ಮಗು ಆಕಳಿಸುತ್ತದೆ. ಬಸಿರಿನ ಮೊದಲ ಮೂರು ತಿಂಗಳು ಮುಗಿಯುವ ಹೊತ್ತಿಗೇ ಸ್ಕ್ಯಾನಿಂಗ್‌ನಲ್ಲಿ ಇದು ಕಾಣಿಸಿಕೊಂಡಿದೆ. ಅಲ್ಲಿ ಗಾಳಿ ಎಲ್ಲಿದೆ? ಮಗು ಇರುವುದು ನೀರಿನಲ್ಲಿ, ಆಮ್ಲಜನಕ ಬರುವುದು ಹೊಕ್ಕುಳಬಳ್ಳಿಯಿಂದ. 2012ರಲ್ಲಿ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು 15 ಮಕ್ಕಳ ಸ್ಕ್ಯಾನ್ ದೃಶ್ಯಗಳನ್ನು 24ನೇ ವಾರದಿಂದ 36ನೇ ವಾರದವರೆಗೆ ಮತ್ತೆ ಮತ್ತೆ ತೆಗೆದು ನೋಡಿದರು. ಸುಮ್ನೆ ಬಾಯಿ ತೆರೆಯುವುದು ಬೇರೆ, ಆಕಳಿಸುವುದು ಬೇರೆ ಅನ್ನುವುದನ್ನು ಅವರು ಎಚ್ಚರಿಕೆಯಿಂದ ಬಿಡಿಸಿದರು. ಆಕಳಿಕೆಯಲ್ಲಿ ಬಾಯಿ ನಿಧಾನವಾಗಿ ತೆರೆಯುತ್ತದೆ, ಬೇಗ ಮುಚ್ಚುತ್ತದೆ. 28ನೇ ವಾರದ ನಂತರ ಆಕಳಿಕೆಗಳು ಕಡಿಮೆಯಾಗುತ್ತಾ ಹೋದವು. ಹಾಗಾಗಿ ಬೆಳೆಯುವ ಮಿದುಳಿಗೂ ಇದಕ್ಕೂ ಏನೋ ನಂಟಿದೆ ಅನ್ನುವುದು ಅವರ ಊಹೆ. ಹೊಟ್ಟೆಯೊಳಗಿನ ಮಗುವಿಗೆ ಬೇಜಾರೂ ಇಲ್ಲ, ಎದುರಿಗೆ ಯಾರೂ ಇಲ್ಲ, ಗಾಳಿಯೂ ಇಲ್ಲ. ಆದರೂ ಆಕಳಿಸುತ್ತದೆ.

ಬೇಜಾರಿನ ಮಾತು ಬಂತಲ್ಲ, ಅದನ್ನೂ ನೋಡೋಣ. ಬೇಜಾರಾದರೆ ಆಕಳಿಕೆ ಬರುವುದು ನಿಜ. ವಿದ್ಯಾರ್ಥಿಗಳ ಒಂದು ಗುಂಪಿಗೆ ಹಾಡಿನ ವಿಡಿಯೊ ತೋರಿಸಿ, ಇನ್ನೊಂದು ಗುಂಪಿಗೆ ಟಿವಿಯ ಬಣ್ಣದ ಪಟ್ಟಿಗಳನ್ನೇ ತೋರಿಸಿದಾಗ ಪಟ್ಟಿ ನೋಡಿದವರೇ ಹೆಚ್ಚು ಆಕಳಿಸಿದರು. ಹಾಗಂತ ಆಕಳಿಸಿದವರಿಗೆಲ್ಲ ಬೇಜಾರಾಗಿದೆ ಅನ್ನಲು ಬರುವುದಿಲ್ಲ. ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಮೊದಲ ಸಲ ಹಾರಲು ನಿಂತವರು ಆಕಳಿಸುತ್ತಾರೆ. ಅಮೆರಿಕದ ಅಪೋಲೊ ಓನೊ ಅನ್ನುವ ಸ್ಕೇಟಿಂಗ್ ಆಟಗಾರ ಒಲಿಂಪಿಕ್ಸ್ ಓಟಕ್ಕೆ ಮುಂಚೆ ಒಂದರ ಮೇಲೊಂದು ಆಕಳಿಸುತ್ತಿದ್ದುದನ್ನು ಇಡೀ ಜಗತ್ತು ಟಿವಿಯಲ್ಲಿ ನೋಡಿದೆ. ವೇದಿಕೆ ಹತ್ತುವ ಮೊದಲು ಹಾಡುಗಾರರಿಗೆ, ಪರೀಕ್ಷೆಯ ಬಾಗಿಲಲ್ಲಿ ನಿಂತ ಹುಡುಗರಿಗೆ ಬರುವುದೂ ಇದೇ ಆಕಳಿಕೆ. ಅವರಿಗೆ ಎದೆ ಡವಡವ ಅನ್ನುತ್ತಿರುತ್ತದೆ, ನಿದ್ದೆ ಎಲ್ಲಿಂದ ಬರಬೇಕು?

ನಮಗೆ ಆಕಳಿಕೆ ಜಾಸ್ತಿ ಬರುವುದು ಎದ್ದ ಸ್ವಲ್ಪ ಹೊತ್ತಿನಲ್ಲಿ, ಮತ್ತೆ ಮಲಗುವುದಕ್ಕೆ ಮುಂಚೆ. ಇದರ ಜೊತೆ ಬೇಜಾರು, ಭಯ, ಓಟಕ್ಕೆ ಮುಂಚಿನ ಆತಂಕ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲ ಕಡೆ ದೇಹ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುತ್ತಿದೆ. ನಿದ್ದೆಯಿಂದ ಎಚ್ಚರಕ್ಕೆ, ಎಚ್ಚರದಿಂದ ನಿದ್ದೆಗೆ, ಸುಮ್ಮನಿದ್ದ ಸ್ಥಿತಿಯಿಂದ ಓಟಕ್ಕೆ. ಆಕಳಿಕೆ ಈ ದಾಟುವಿಕೆಯ ಹೊತ್ತಿನದು. ನನಗೆ ಇವತ್ತಿಗೂ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಇದು. ಹಾಗಾಗಿ ಎದುರಿಗೆ ಯಾರಾದರೂ ಆಕಳಿಸಿದರೆ ‘ನನ್ನ ಮಾತು ಇವರಿಗೆ ಬೇಡವಾಗಿದೆ’ ಅಂದುಕೊಳ್ಳುವ ಮೊದಲು ಸ್ವಲ್ಪ ತಡೆಯಿರಿ. ನಿದ್ದೆಗೆ ಜಾರುತ್ತಿದ್ದ ಮಿದುಳು ನಿಮ್ಮ ಮಾತು ಕೇಳಲು ಒದ್ದಾಡುತ್ತಿರುವುದೂ ಆಗಿರಬಹುದು.

ಈಗ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಆದರೆ ಈ ವಿಷಯ ಹೇಳದೆ ಇರಲಾರೆ. ಆಕಳಿಕೆ ಮಿದುಳಿನ ಯಾವ ಭಾಗದ ಕೆಲಸ? ಪಾರ್ಶ್ವವಾಯು ಹೊಡೆದು ಒಂದು ಕೈ ಪೂರ್ತಿ ಬಿದ್ದುಹೋದ ರೋಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ‘ಕೈ ಎತ್ತಿ’ ಅಂದರೆ ಬೆರಳೂ ಅಲ್ಲಾಡುವುದಿಲ್ಲ. ಅವರು ಆಕಳಿಸುತ್ತಾರೆ. ಬಾಯಿ ತೆರೆಯುತ್ತಿದ್ದ ಹಾಗೇ ಆ ಬಿದ್ದುಹೋದ ಕೈ ಹಾಸಿಗೆಯಿಂದ ತಾನಾಗಿ ಮೇಲೇಳುತ್ತದೆ. ಆಕಳಿಕೆ ಮುಗಿದ ಕೂಡಲೇ ಮತ್ತೆ ಕೆಳಗೆ ಬೀಳುತ್ತದೆ. ಎಲ್ಲ ರೋಗಿಗಳಲ್ಲೂ ಹೀಗಾಗುವುದಿಲ್ಲ, ಕೆಲವರಲ್ಲಿ ಆಗುತ್ತದೆ. ಫ್ರಾನ್ಸಿನ ವೈದ್ಯ ಒಲಿವಿಯೆ ವಾಲುಸಿನ್ಸ್ಕಿ 2005ರಲ್ಲಿ ಇದನ್ನು ವಿವರವಾಗಿ ದಾಖಲಿಸಿ ಇದಕ್ಕೊಂದು ಹೆಸರನ್ನೂ ಕೊಟ್ಟರು. ಹಾಸಿಗೆಯ ಪಕ್ಕ ಕುಳಿತ ಮನೆಯವರು ಇದನ್ನು ಕಂಡು ‘ಕೈ ಬಂತು’ ಅಂತ ಖುಷಿಪಡುತ್ತಾರೆ. ಅವರಿಗೆ ಇದನ್ನು ತಿಳಿಸಿ ಹೇಳುವುದು ವೈದ್ಯರಿಗೆ ಬಹಳ ಕಷ್ಟದ ಕೆಲಸ. ಕೈಗೆ ಶಕ್ತಿ ಮರಳಿಲ್ಲ. ನಾವು ಬೇಕೆಂದು ಕೈ ಎತ್ತುವಾಗ ಅಪ್ಪಣೆ ಬರುವುದು ಮಿದುಳಿನ ಮೇಲ್ಪದರದಿಂದ. ಆ ದಾರಿ ಕಡಿದುಹೋಗಿದೆ. ಆಕಳಿಕೆ ಹೊರಡುವುದು ಮಿದುಳಿನ ಬುಡದಿಂದ, ಮಿದುಳಬಳ್ಳಿ ಕೂಡುವ ಜಾಗದಿಂದ. ಅಲ್ಲಿಂದ ಕೈಗೆ ಬೇರೆಯೇ ಹಳೆಯ ದಾರಿ ಇದೆ, ಅದು ಇನ್ನೂ ಉಳಿದಿದೆ.

ಇದೇ ರೀತಿ, ಮೈಯೆಲ್ಲ ಚಲನೆ ಕಳೆದುಕೊಂಡು ಕಣ್ಣನ್ನು ಮಾತ್ರ ಆಡಿಸಬಲ್ಲ ರೋಗಿಗಳಿದ್ದಾರೆ. ಬೇಕೆಂದರೂ ಬಾಯಿ ತೆರೆಯಲಾಗದ ಅವರೂ ಆಕಳಿಸುತ್ತಾರೆ. ಮಿದುಳಿನ ಮೇಲ್ಭಾಗವೇ ಬೆಳೆಯದೆ ಹುಟ್ಟಿದ ಶಿಶುಗಳೂ ಆಕಳಿಸುತ್ತವೆ. ಆಕಳಿಕೆ ಅಷ್ಟು ಹಳೆಯದು, ಅಷ್ಟು ಆಳದ್ದು. ಮೀನು, ಹಾವು, ಹಕ್ಕಿ, ನಾಯಿ, ಕುದುರೆ ಎಲ್ಲವೂ ಬಾಯಿ ಅಗಲಿಸುತ್ತವೆ. ಎಲ್ಲದರ ಉದ್ದೇಶ ಒಂದೇ ಅಲ್ಲ. ಕೆಲವು ಜಾತಿಯ ಗಂಡು ಕೋತಿಗಳು ಕೋರೆಹಲ್ಲು ತೋರಿಸಿ ಎದುರಾಳಿಯನ್ನು ಹೆದರಿಸಲು ಆಕಳಿಸುತ್ತವೆ. ಚಾರ್ಲ್ಸ್ ಡಾರ್ವಿನ್ 1838ರಷ್ಟು ಹಿಂದೆಯೇ ತನ್ನ ಟಿಪ್ಪಣಿ ಪುಸ್ತಕದಲ್ಲಿ ನಾಯಿ, ಕುದುರೆ, ಮನುಷ್ಯ ಮೂವರೂ ಆಕಳಿಸುವುದನ್ನು ಗುರುತು ಹಾಕಿಕೊಂಡಿದ್ದ. ಪ್ರಾಣಿಗಳೆಲ್ಲ ಒಂದೇ ಕಟ್ಟಡದ ಮೇಲೆ ನಿಂತಿವೆ ಅನ್ನುವ ಯೋಚನೆಗೆ ಅದೂ ಅವನಿಗೆ ಒಂದು ಆಧಾರವಾಯಿತು.

ಸರಿ, ಆಮ್ಲಜನಕ ಅಲ್ಲ ಅಂದಮೇಲೆ ಆಕಳಿಕೆಯಿಂದ ಆಗುವ ಉಪಯೋಗ ಏನು? ಇವತ್ತು ಹೆಚ್ಚು ಚರ್ಚೆಯಲ್ಲಿರುವುದು ಮಿದುಳನ್ನು ತಂಪು ಮಾಡುವ ವಾದ. ಮಿದುಳು ನಮ್ಮ ತೂಕದ ಸುಮಾರು 2 ಶೇಕಡ ಅಷ್ಟೇ, ಆದರೆ ದೇಹದ ಶಕ್ತಿಯಲ್ಲಿ ಸುಮಾರು 20 ಶೇಕಡ ಅದಕ್ಕೇ ಬೇಕು. ಹಾಗಾಗಿ ಬಿಸಿಯೂ ಹುಟ್ಟುತ್ತದೆ. ದವಡೆ ಅಗಲಿಸಿದಾಗ ತಲೆಗೆ ರಕ್ತದ ಓಡಾಟ ಹೆಚ್ಚಾಗುತ್ತದೆ, ಒಳಗೆ ಬಂದ ತಣ್ಣನೆಯ ಗಾಳಿ ಬಾಯಿ, ಗಂಟಲಿನ ರಕ್ತವನ್ನು ತಂಪು ಮಾಡುತ್ತದೆ, ಹೀಗೆ ಬಿಸಿ ಇಳಿಯುತ್ತದೆ ಅನ್ನುವುದು ಈ ವಾದ. 2007ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಆಂಡ್ರ್ಯೂ ಗ್ಯಾಲಪ್ ಮತ್ತು ಗಾರ್ಡನ್ ಗ್ಯಾಲಪ್ ಒಂದು ಸರಳ ಪ್ರಯೋಗ ಮಾಡಿದರು. ಆಕಳಿಸುವವರ ವಿಡಿಯೊ ನೋಡುತ್ತಾ ಕುಳಿತವರ ಹಣೆಯ ಮೇಲೆ ಪಟ್ಟಿ ಇಟ್ಟುಕೊಳ್ಳಲು ಹೇಳಿದರು. ಬೆಚ್ಚಗಿನ ಪಟ್ಟಿ ಅಥವಾ ಕೋಣೆಯಷ್ಟೇ ಬಿಸಿಯ ಪಟ್ಟಿ ಇಟ್ಟುಕೊಂಡವರಲ್ಲಿ 41 ಶೇಕಡ ಜನ ಆಕಳಿಸಿದರು. ತಣ್ಣನೆಯ ಪಟ್ಟಿ ಇಟ್ಟುಕೊಂಡವರಲ್ಲಿ 9 ಶೇಕಡ ಮಾತ್ರ.

ಇದು ನಿಜವಾದರೆ ಹವಾಮಾನದಿಂದಲೂ ಆಕಳಿಕೆ ಬದಲಾಗಬೇಕು. ಹೊರಗಿನ ಗಾಳಿ ಮೈಯಷ್ಟೇ ಬಿಸಿ ಇದ್ದರೆ ಬಾಯಿ ತೆರೆದು ಲಾಭ ಇಲ್ಲ. ತೀರಾ ಕೊರೆಯುವ ಚಳಿ ಇದ್ದರೆ ತಂಪು ಮಾಡುವ ಅಗತ್ಯವೇ ಇಲ್ಲ. ಅಮೆರಿಕದ ಅರಿಜೋನಾದ ಟೂಸಾನ್ ನಗರದಲ್ಲಿ ದಾರಿಹೋಕರಿಗೆ ಆಕಳಿಸುವವರ ಚಿತ್ರ ತೋರಿಸಿ ನೋಡಿದರು. ಅದು ಮರುಭೂಮಿಯ ಊರು. ಚಳಿಗಾಲದಲ್ಲಿ 45 ಶೇಕಡ ಜನ ಆಕಳಿಸಿದರು, ಸುಡು ಬೇಸಿಗೆಯಲ್ಲಿ 24 ಶೇಕಡ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಅದನ್ನೇ ಮಾಡಿದಾಗ ಉಲ್ಟಾ ಆಯಿತು. ಬೇಸಿಗೆಯಲ್ಲಿ ಜಾಸ್ತಿ, ಚಳಿಗಾಲದಲ್ಲಿ ಕಡಿಮೆ. ಉಲ್ಟಾ ಅನ್ನಿಸಿದರೂ ಲೆಕ್ಕ ಒಂದೇ. ಟೂಸಾನಿನ ಚಳಿಗಾಲವೂ ವಿಯೆನ್ನಾದ ಬೇಸಿಗೆಯೂ ಹೆಚ್ಚುಕಡಿಮೆ 20 ಡಿಗ್ರಿಯ ಹಿತವಾದ ಹವೆಯೇ. ನನಗೆ ಈ ಎರಡು ಊರಿನ ಕತೆ ತುಂಬ ಇಷ್ಟ.

ಹಾಗಂತ ಇಲ್ಲಿಗೆ ತೀರ್ಪು ಬರೆಯುವುದು ಬೇಡ. ಇಲಿಗಳ ಮಿದುಳಿನಲ್ಲಿ ಆಕಳಿಕೆಗೆ ಮುಂಚೆ ಬಿಸಿ ಏರಿ, ಆಮೇಲೆ ಇಳಿಯುವುದನ್ನು ಅಳೆದಿದ್ದಾರೆ. ಆದರೆ ಆ ಏರಿಳಿತ ಒಂದು ಡಿಗ್ರಿಯ ಹತ್ತನೇ ಒಂದು ಪಾಲಿನಷ್ಟು. ಅಷ್ಟು ಸಣ್ಣ ವ್ಯತ್ಯಾಸದಿಂದ ಮಿದುಳಿಗೆ ಏನು ಲಾಭ ಅಂತ ಕೇಳುವವರಿದ್ದಾರೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಆಕಳಿಕೆ ಎಷ್ಟು ಹೊತ್ತು ಇರುತ್ತದೆ ಅನ್ನುವುದಕ್ಕೂ ಮಿದುಳಿಗೂ ಸಂಬಂಧ ಇರುವುದಂತೂ ಗಟ್ಟಿ. 2021ರಲ್ಲಿ 101 ಜಾತಿಯ ಪ್ರಾಣಿ ಪಕ್ಷಿಗಳ 1,291 ಆಕಳಿಕೆಗಳನ್ನು ಅಳೆದು ನೋಡಿದಾಗ, ಮಿದುಳು ದೊಡ್ಡದಾದಷ್ಟೂ ಆಕಳಿಕೆ ಉದ್ದ ಅಂತ ಗೊತ್ತಾಯಿತು. ದೇಹದ ಗಾತ್ರ ಅಲ್ಲ, ಮಿದುಳಿನದು. ಇಲಿಯದು ಚಿಟಿಕೆ ಹೊಡೆದಷ್ಟರಲ್ಲಿ ಮುಗಿಯುತ್ತದೆ. ಕುದುರೆ, ಸಿಂಹ, ಗೊರಿಲ್ಲಾ ಇವೆಲ್ಲ ನಮಗಿಂತ ಎಷ್ಟೋ ದೊಡ್ಡವು, ಅವುಗಳ ಬಾಯಿಯೂ ದೊಡ್ಡದು. ಆದರೂ ಅವುಗಳ ಆಕಳಿಕೆ ನಮ್ಮದಕ್ಕಿಂತ ಚಿಕ್ಕದು.

ಇನ್ನು ಅಂಟುವ ವಿಷಯ. ಇಷ್ಟು ಹೊತ್ತು ನೀವು ಕಾದದ್ದು ಇದಕ್ಕೇ ಅಂತ ಗೊತ್ತು.

ಆಕಳಿಕೆ ನೋಡಿದರೆ ಬರುತ್ತದೆ. ಸದ್ದು ಕೇಳಿದರೂ ಬರುತ್ತದೆ, ಕಣ್ಣು ಕಾಣದವರಿಗೂ ಅಂಟುತ್ತದೆ. ಓದಿದರೆ ಬರುತ್ತದೆ, ನೆನೆಸಿಕೊಂಡರೂ ಸಾಕು. ಪ್ರೊವೈನ್ ಆಕಳಿಸುವವರ 5 ನಿಮಿಷದ ವಿಡಿಯೊ ತೋರಿಸಿದಾಗ ನೋಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಕಳಿಸಿದರು. ಆಮೇಲೆ ಅವರಿಗೆ ಒಂದು ಕುತೂಹಲ ಹುಟ್ಟಿತು. ಮುಖದಲ್ಲಿ ಯಾವುದನ್ನು ನೋಡಿ ನಮಗೆ ಅಂಟುತ್ತದೆ? ಯಾರನ್ನು ಕೇಳಿದರೂ ಬಾಯಿ ಅನ್ನುತ್ತಾರೆ. ಅವರು ವಿಡಿಯೊದಲ್ಲಿ ಬಾಯಿಯನ್ನು ಮರೆಮಾಡಿ ತೋರಿಸಿದರು. ಪೂರ್ತಿ ಮುಖ ನೋಡಿದಾಗ ಎಷ್ಟು ಅಂಟಿತೋ ಅಷ್ಟೇ ಅಂಟಿತು. ಬರೀ ಬಾಯಿಯನ್ನು ಮಾತ್ರ ತೋರಿಸಿದರು. ಅಂಟಲಿಲ್ಲ. ತೆರೆದ ಬಾಯಿ ಒಂದೇ ಇದ್ದರೆ ಅದು ಹಾಡುವವರದೂ ಆಗಿರಬಹುದು, ಕೂಗುವವರದೂ ಆಗಿರಬಹುದು. ಕಿರಿದಾದ ಕಣ್ಣು, ಮೇಲಕ್ಕೆ ವಾಲಿದ ತಲೆ, ಬಿಗಿದ ಕೆನ್ನೆ ಎಲ್ಲ ಸೇರಿದರೇ ಆಕಳಿಕೆ. ಆದ್ದರಿಂದ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವುದು ಒಳ್ಳೆಯ ನಡತೆಯೇನೋ ಹೌದು, ಆದರೆ ಅದರಿಂದ ಅಂಟುವುದು ನಿಲ್ಲುವುದಿಲ್ಲ. ಕಣ್ಣು ಎಲ್ಲ ಹೇಳಿಬಿಡುತ್ತದೆ.

ತಡೆಯಲು ಹೋದರೆ ಏನಾಗುತ್ತದೆ? ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2017ರಲ್ಲಿ 36 ಜನರಿಗೆ ಆಕಳಿಕೆಯ ವಿಡಿಯೊ ತೋರಿಸಿದರು. ಕೆಲವು ಸಲ ಧಾರಾಳವಾಗಿ ಆಕಳಿಸಿ ಅಂದರು, ಕೆಲವು ಸಲ ತಡೆದುಕೊಳ್ಳಿ ಅಂದರು. ತಡೆದುಕೊಳ್ಳಿ ಅಂದಾಗ ಪೂರ್ತಿ ಆಕಳಿಕೆ ಕಡಿಮೆಯಾಯಿತು, ಆದರೆ ಅರ್ಧಕ್ಕೆ ಅದುಮಿದ ಆಕಳಿಕೆ ಹೆಚ್ಚಾಯಿತು. ಆಕಳಿಸಬೇಕು ಅನ್ನುವ ಒತ್ತಡವಂತೂ ಮತ್ತಷ್ಟು ಏರಿತು. ಯಾರಿಗೆ ಎಷ್ಟು ಬೇಗ ಅಂಟುತ್ತದೆ ಅನ್ನುವುದು ಮೈಯ ಚಲನೆಯನ್ನು ನಡೆಸುವ ಮಿದುಳಿನ ಭಾಗ ಎಷ್ಟು ಬೇಗ ಕೆರಳುತ್ತದೆ ಅನ್ನುವುದರ ಮೇಲೆ ನಿಂತಿದೆ ಅಂತಲೂ ಅವರು ಕಂಡುಕೊಂಡರು. ಈ ತಂಡ ಇದಕ್ಕೆ ಕೈ ಹಾಕಿದ್ದು ಬರೀ ಕುತೂಹಲದಿಂದ ಅಲ್ಲ. ಟುರೆಟ್ ಅನ್ನುವ ತೊಂದರೆ ಇರುವವರು ಬೇಡವೆಂದರೂ ಮುಖ ಹಿಂಡುತ್ತಾರೆ, ಸದ್ದು ಮಾಡುತ್ತಾರೆ, ತಡೆದಷ್ಟೂ ಒತ್ತಡ ಏರುತ್ತದೆ. ಅವರಿಗೆ ದಿನವಿಡೀ ಆಗುವುದನ್ನು ನಮಗೆಲ್ಲ ಒಂದು ಗಳಿಗೆ ಅರ್ಥಮಾಡಿಸಬಲ್ಲದ್ದು ತಡೆಹಿಡಿದ ಆಕಳಿಕೆ.

ಹಸುಗೂಸು ಆಕಳಿಸುತ್ತದೆ, ಆದರೆ ಅದಕ್ಕೆ ಇನ್ನೊಬ್ಬರ ಆಕಳಿಕೆ ಅಂಟುವುದಿಲ್ಲ. ನಾಲ್ಕೈದು ವರ್ಷದ ಹೊತ್ತಿಗೆ ಅಂಟಲು ಶುರುವಾಗುತ್ತದೆ. ಮನೆಯಲ್ಲಿ ಎರಡು ವರ್ಷದ ಮಗು ಇದ್ದರೆ ಅದರ ಮುಂದೆ ಆಕಳಿಸಿ ನೋಡಿ. ಮಿಕಮಿಕ ನೋಡುತ್ತದೆ ಅಷ್ಟೇ. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಮಕ್ಕಳು ಊಹಿಸಲು ಕಲಿಯುವುದೂ ಸುಮಾರು ಅದೇ ವಯಸ್ಸಿನಲ್ಲಿ. ಇಲ್ಲಿಂದ ಒಂದು ದೊಡ್ಡ ವಾದ ಹೊರಟಿತು. ಆಕಳಿಕೆ ಅಂಟುವುದು ಸಹಾನುಭೂತಿಯ ಗುರುತು, ಇನ್ನೊಬ್ಬರ ಭಾವನೆ ನಮಗೆ ತಟ್ಟುವ ಹಾಗೇ ಆಕಳಿಕೆಯೂ ತಟ್ಟುತ್ತದೆ ಅಂತ. ಇದಕ್ಕೆ ಆಧಾರವೂ ಇತ್ತು. 2011ರಲ್ಲಿ ಇಟಲಿಯ ಇವಾನ್ ನೋರ್ಷಿಯಾ ಮತ್ತು ಎಲಿಸಬೆಟ್ಟಾ ಪಾಲಾಜಿ ಜನ ತಮ್ಮ ಪಾಡಿಗೆ ಇರುವಾಗ ಬಂದ ಆಕಳಿಕೆಗಳನ್ನು ಬರೆದುಕೊಂಡು ಲೆಕ್ಕ ಹಾಕಿದರು. ಮನೆಯವರ ಆಕಳಿಕೆ ಎಲ್ಲಕ್ಕಿಂತ ಹೆಚ್ಚು ಅಂಟುತ್ತದೆ, ಆಮೇಲೆ ಗೆಳೆಯರದು, ಆಮೇಲೆ ಪರಿಚಯದವರದು, ಕೊನೆಗೆ ಗುರುತಿಲ್ಲದವರದು.

ಇದು ನನಗೂ ಚಂದ ಕಾಣುತ್ತದೆ. ಆದರೆ ಇದನ್ನು ಹಿಡಿದುಕೊಂಡು ಜನ ಎಲ್ಲಿಗೆ ಹೋದರು ನೋಡಿ. ‘ನಿಮಗೆ ಆಕಳಿಕೆ ಅಂಟುವುದಿಲ್ಲವೇ? ಹಾಗಾದರೆ ನೀವು ಕಲ್ಲು ಮನಸ್ಸಿನವರು’ ಅಂತ ಹೇಳುವ ವಿಡಿಯೊಗಳು ಎಷ್ಟು ಓಡಾಡುತ್ತಿವೆ! ಇದು ತಪ್ಪು, ಮತ್ತು ಇದರಿಂದ ನೋವಾಗುತ್ತದೆ. ಆಟಿಸಂ ಇರುವ ಮಕ್ಕಳಿಗೆ ಆಕಳಿಕೆ ಅಷ್ಟಾಗಿ ಅಂಟುವುದಿಲ್ಲ ಅಂತ 2007ರಲ್ಲಿ ಒಂದು ಅಧ್ಯಯನ ಬಂತು. ‘ಆ ಮಕ್ಕಳಿಗೆ ಇನ್ನೊಬ್ಬರ ಭಾವನೆಯೇ ತಟ್ಟುವುದಿಲ್ಲ’ ಅಂತ ಅದನ್ನು ಓದಿದವರು ಬಹಳ. ಆದರೆ ಆಟಿಸಂ ಇರುವ ಎಷ್ಟೋ ಮಕ್ಕಳು ಎದುರಿನವರ ಮುಖವನ್ನು, ಅದರಲ್ಲೂ ಕಣ್ಣನ್ನು, ನೇರವಾಗಿ ನೋಡುವುದು ಕಡಿಮೆ. ಆಕಳಿಕೆ ಅಂಟಲು ಬೇಕಾದದ್ದು ಕಣ್ಣೇ ಅಂತ ಈಗಷ್ಟೇ ನೋಡಿದೆವಲ್ಲ? 2013ರಲ್ಲಿ ಜಪಾನಿನ ಸಂಶೋಧಕರು ಮಕ್ಕಳ ದೃಷ್ಟಿ ಮುಖದ ಕಡೆಗೇ ಇರುವ ಹಾಗೆ ನೋಡಿಕೊಂಡು ಮತ್ತೆ ಪರೀಕ್ಷಿಸಿದರು. ಆಟಿಸಂ ಇರುವ ಮಕ್ಕಳಿಗೂ ಉಳಿದ ಮಕ್ಕಳಷ್ಟೇ ಅಂಟಿತು. ನೋಡದ ಆಕಳಿಕೆ ಯಾರಿಗೆ ತಾನೇ ಅಂಟುತ್ತದೆ! ಗೆಳೆಯರ, ಮನೆಯವರ ಮುಖವನ್ನು ನಾವು ಹೆಚ್ಚು ಗಮನವಿಟ್ಟು ನೋಡುತ್ತೇವೆ ಅನ್ನುವುದರಿಂದಲೇ ಇಟಲಿಯವರ ಲೆಕ್ಕದ ಒಂದು ಭಾಗವನ್ನು ವಿವರಿಸಬಹುದು.

2014ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 328 ಜನರಿಗೆ 3 ನಿಮಿಷದ ವಿಡಿಯೊ ತೋರಿಸಿ, ಜೊತೆಗೆ ಅವರ ಸಹಾನುಭೂತಿ, ದಣಿವು, ಬುದ್ಧಿ ಎಲ್ಲವನ್ನೂ ಅಳೆದರು. 222 ಜನ ಆಕಳಿಸಿದರು. ಸಹಾನುಭೂತಿಗೂ ಅದಕ್ಕೂ ಗಟ್ಟಿ ಸಂಬಂಧ ಸಿಗಲಿಲ್ಲ. ಸಂಬಂಧ ಕಂಡದ್ದು ವಯಸ್ಸಿನ ಜೊತೆ. ವಯಸ್ಸಾದ ಹಾಗೆ ಅಂಟುವುದು ಕಡಿಮೆಯಾಗುತ್ತದೆ. 25ರ ಒಳಗಿನವರಲ್ಲಿ 82 ಶೇಕಡ ಜನರಿಗೆ ಅಂಟಿದರೆ, 50 ದಾಟಿದವರಲ್ಲಿ 41 ಶೇಕಡ ಜನರಿಗೆ ಮಾತ್ರ. ಅಜ್ಜ ಅಜ್ಜಿಯರ ಮನಸ್ಸು ಮೊಮ್ಮಕ್ಕಳ ಮನಸ್ಸಿಗಿಂತ ಕಲ್ಲು ಅಂತ ಯಾರಾದರೂ ಹೇಳುತ್ತಾರಾ? ಇಷ್ಟೆಲ್ಲ ಸೇರಿಸಿದರೂ, ಯಾರಿಗೆ ಅಂಟುತ್ತದೆ, ಯಾರಿಗಿಲ್ಲ ಅನ್ನುವುದರಲ್ಲಿ ವಯಸ್ಸಿನಿಂದ ವಿವರಿಸಲು ಆದದ್ದು 8 ಶೇಕಡ ಮಾತ್ರ. ಹಾಗಾಗಿ ಆಕಳಿಕೆ ನೋಡಿ ಯಾರ ಗುಣವನ್ನೂ ಅಳೆಯಬೇಡಿ.

ಪ್ರಾಣಿಗಳ ಕಡೆ ಹೋಗೋಣ, ಯಾಕೆಂದರೆ ಅಂಟುವುದರ ಉಪಯೋಗ ನನಗೆ ಸ್ವಲ್ಪವಾದರೂ ಅರ್ಥವಾದದ್ದು ಅಲ್ಲಿಯೇ. ಚಿಂಪಾಂಜಿಗಳಿಗೆ ಅಂಟುತ್ತದೆ. ತಮ್ಮ ಗುಂಪಿನ ಚಿಂಪಾಂಜಿ ಆಕಳಿಸಿದರೆ ಹೆಚ್ಚು, ಹೊರಗಿನದಾದರೆ ಕಡಿಮೆ. ನಾಯಿಗೆ ಮನುಷ್ಯರ ಆಕಳಿಕೆಯೇ ಅಂಟುತ್ತದೆ. 2008ರ ಒಂದು ಪ್ರಯೋಗದಲ್ಲಿ 29 ನಾಯಿಗಳ ಪೈಕಿ 21 ನಾಯಿಗಳು ಮನುಷ್ಯ ಆಕಳಿಸಿದ್ದನ್ನು ನೋಡಿ ಆಕಳಿಸಿದವು. ಅದೇ ಮನುಷ್ಯ ಸುಮ್ನೆ ಬಾಯಿ ತೆರೆದು ಮುಚ್ಚಿದಾಗ ಒಂದೂ ಆಕಳಿಸಲಿಲ್ಲ. ಆಮೆಗೆ ಅಂಟುವುದಿಲ್ಲ. ಅಲೆಕ್ಸಾಂಡ್ರಾ ಅನ್ನುವ ಒಂದು ಆಮೆಗೆ ಆರು ತಿಂಗಳು ಬಾಯಿ ತೆರೆಯಲು ಕಲಿಸಿ, ಉಳಿದ ಆಮೆಗಳ ಮುಂದೆ ‘ಆಕಳಿಸಲು’ ಬಿಟ್ಟರು. ಒಂದು ಆಮೆಯೂ ತಿರುಗಿ ಆಕಳಿಸಲಿಲ್ಲ. 2011ರಲ್ಲಿ ಈ ಕೆಲಸಕ್ಕೆ ಇಗ್ ನೊಬೆಲ್ ಬಹುಮಾನ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. ಜನ ನಕ್ಕರು, ಆದರೆ ಅದು ಬೇಕಾಗಿದ್ದ ಪ್ರಯೋಗ. ಆಕಳಿಸುವ ಪ್ರಾಣಿಗಳಿಗೆಲ್ಲ ಅಂಟಲೇಬೇಕು ಅಂತಿಲ್ಲ ಅನ್ನುವುದನ್ನು ಹೀಗೇ ತಿಳಿಯಬೇಕು.

ಎಲ್ಲಕ್ಕಿಂತ ಮುಖ್ಯ ಸಿಂಹಗಳದು. ದಕ್ಷಿಣ ಆಫ್ರಿಕಾದ ಮಕಲಾಲಿ ಕಾಡಿನಲ್ಲಿ ಪಾಲಾಜಿಯವರ ತಂಡ ಸಿಂಹಗಳ ವಿಡಿಯೊ ತೆಗೆದು ತಿಂಗಳುಗಟ್ಟಲೆ ಕುಳಿತು ನೋಡಿತು. 2021ರಲ್ಲಿ ಅದು ಪ್ರಕಟವಾಯಿತು. ಎರಡು ಸಿಂಹಿಣಿಗಳು ನೆಲದಲ್ಲಿ ಮಲಗಿವೆ ಅಂತಿಟ್ಟುಕೊಳ್ಳಿ. ಒಂದು ಆಕಳಿಸುತ್ತದೆ. ಇನ್ನೊಂದು ಅದನ್ನು ನೋಡಿ ಆಕಳಿಸುತ್ತದೆ. ಮೊದಲನೆಯದು ಎದ್ದು ನಡೆಯುತ್ತದೆ. ಎರಡನೆಯದೂ ಎದ್ದು ಹಿಂದೆಯೇ ಹೋಗುತ್ತದೆ. ಆಕಳಿಕೆ ಹಂಚಿಕೊಂಡ ಸಿಂಹ ಹೀಗೆ ಮೊದಲನೆಯದು ಮಾಡಿದ್ದನ್ನೇ ಮಾಡುವ ಸಾಧ್ಯತೆ, ಹಂಚಿಕೊಳ್ಳದ ಸಿಂಹಕ್ಕಿಂತ 11 ಪಟ್ಟು ಹೆಚ್ಚಿತ್ತು. ಒಟ್ಟಿಗೆ ಬೇಟೆಯಾಡುವ, ಒಟ್ಟಿಗೆ ಮರಿ ಕಾಯುವ ಪ್ರಾಣಿಗೆ ಎಲ್ಲರೂ ಒಂದೇ ಹೊತ್ತಿಗೆ ಎಚ್ಚರವಾಗುವುದು, ಒಂದೇ ಹೊತ್ತಿಗೆ ಹೊರಡುವುದು ಬಹಳ ಮುಖ್ಯ. ಆಕಳಿಕೆ ದಾಟುವಿಕೆಯ ಹೊತ್ತಿನದು ಅಂದೆನಲ್ಲ, ಅದು ಅಂಟಿದಾಗ ಗುಂಪಿಗೆ ಗುಂಪೇ ಒಟ್ಟಿಗೆ ದಾಟುತ್ತದೆ.

ಮನುಷ್ಯರಲ್ಲಿ? ಆಕಳಿಕೆಯಿಂದ ಆಕಳಿಸಿದವರ ನಿದ್ದೆ ಹಾರಿಹೋಗುತ್ತದೆ ಅಂತ ಬಹಳ ಜನ ನಂಬಿದ್ದರು. ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದು ನೋಡಿದಾಗ ಆಕಳಿಸಿದ ಮೇಲೂ ಮಂಪರು ಹಾಗೇ ಇತ್ತು. ಆದರೆ ಆಂಡ್ರ್ಯೂ ಗ್ಯಾಲಪ್ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ಆಕಳಿಸಿದವರದು ಇರಲಿ, ಅದನ್ನು ನೋಡಿದವರಿಗೆ ಏನಾಗುತ್ತದೆ? ಜನರಿಗೆ ಆಕಳಿಕೆಯ ವಿಡಿಯೊ ತೋರಿಸಿ, ಆಮೇಲೆ ಪರದೆಯ ಮೇಲೆ ರಾಶಿ ಚಿತ್ರಗಳ ನಡುವೆ ಹಾವನ್ನೋ ಕಪ್ಪೆಯನ್ನೋ ಹುಡುಕಲು ಹೇಳಿದರು. ಕಣ್ಣಿನ ಓಡಾಟವನ್ನು ಯಂತ್ರದಿಂದ ಅಳೆದರು. ಆಕಳಿಕೆ ನೋಡಿದ ಮೇಲೆ ಹಾವು ಬೇಗ ಕಣ್ಣಿಗೆ ಬಿತ್ತು. ಕಪ್ಪೆಯ ವಿಷಯದಲ್ಲಿ ವ್ಯತ್ಯಾಸ ಆಗಲಿಲ್ಲ. ‘ಪಕ್ಕದವನ ಎಚ್ಚರ ತಪ್ಪುತ್ತಿದೆ, ಇನ್ನು ನಾನು ನೋಡಿಕೊಳ್ಳಬೇಕು’ ಅಂತ ನೋಡಿದವನ ಮಿದುಳು ಸಿದ್ಧವಾಗುತ್ತದೆ ಅನ್ನುವುದು ಅವರ ವಿವರಣೆ. ಒಂದು ಪ್ರಯೋಗದಿಂದ ಎಲ್ಲ ತೀರ್ಮಾನವಾಗುವುದಿಲ್ಲ, ಇನ್ನಷ್ಟು ಕಡೆ ಇದು ಮತ್ತೆ ಮತ್ತೆ ಕಾಣಬೇಕು. ಆದರೂ ಸಿಂಹಗಳ ಪಕ್ಕದಲ್ಲಿ ಇದನ್ನು ಇಟ್ಟರೆ, ಆಕಳಿಕೆ ಅಂಟುವುದು ಗುಂಪಿನ ಕಾವಲಿಗಾಗಿ ಉಳಿದುಬಂದಿದೆ ಅನ್ನುವ ಮಾತಿಗೆ ನನ್ನ ಮನಸ್ಸು ವಾಲುತ್ತದೆ.

ನಿಮ್ಮಲ್ಲಿ ಕೆಲವರು ಚೀಟಿಯಲ್ಲಿ ‘ಜಾಸ್ತಿ ಆಕಳಿಕೆ ಬಂದರೆ ಕಾಯಿಲೆಯಾ’ ಅಂತ ಬರೆದು ಕೊಟ್ಟಿದ್ದೀರಿ. ಬಹಳ ಸಲ ಕಾರಣ ಸಾಲದ ನಿದ್ದೆ, ಅಷ್ಟೇ. ಗಾಡಿ ಓಡಿಸುವಾಗ ಮೇಲಿಂದ ಮೇಲೆ ಬಂದರೆ ಆಕಳಿಸಿದ್ದರಿಂದ ನಿದ್ದೆ ಹೋಯಿತು ಅಂದುಕೊಳ್ಳಬೇಡಿ, ಈಗಷ್ಟೇ ಹೇಳಿದ ಹಾಗೆ ಹೋಗುವುದಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಸ್ವಲ್ಪ ಮಲಗಿ ಎದ್ದು ಹೊರಡಿ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ಸರ್ಟ್ರಲಿನ್ ಥರದ ಮಾತ್ರೆಗಳಿಂದ ಕೆಲವರಿಗೆ ಆಕಳಿಕೆ ಹೆಚ್ಚಾಗುತ್ತದೆ. ಹಾಗಾದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ಹೇಳಿ, ಅವರು ಪ್ರಮಾಣ ಬದಲಿಸಿ ನೋಡುತ್ತಾರೆ. ಮೈಗ್ರೇನ್ ಇರುವ ಹಲವರಿಗೆ ತಲೆನೋವು ಬರುವ ಮುಂಚೆ ಆಕಳಿಕೆಗಳು ಸಾಲುಗಟ್ಟಿ ಬರುತ್ತವೆ. ಇದನ್ನು ಗುರುತಿಸಿಕೊಂಡರೆ ಔಷಧಿಯನ್ನು ಸಕಾಲಕ್ಕೆ ತೆಗೆದುಕೊಳ್ಳಲು ಅನುಕೂಲ. ಇನ್ನೊಂದು, ನಿಂತಲ್ಲೇ ಯಾರಾದರೂ ಬಿಳಿಚಿಕೊಂಡು, ಹಣೆಯಲ್ಲಿ ತಣ್ಣನೆಯ ಬೆವರು ಬಂದು, ಮತ್ತೆ ಮತ್ತೆ ಆಕಳಿಸುತ್ತಿದ್ದರೆ ಅವರು ಪ್ರಜ್ಞೆ ತಪ್ಪಿ ಬೀಳುವುದರಲ್ಲಿದ್ದಾರೆ ಅಂತ ತಿಳಿಯಿರಿ. ಕೂಡಲೇ ನೆಲದ ಮೇಲೆ ಅಂಗಾತ ಮಲಗಿಸಿ, ಕಾಲನ್ನು ಸ್ವಲ್ಪ ಎತ್ತರಕ್ಕೆ ಇಡಿ, ಕತ್ತಿನ ಗುಂಡಿ ಸಡಿಲಿಸಿ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಸುಧಾರಿಸಿಕೊಳ್ಳುತ್ತಾರೆ. ಸುಧಾರಿಸಿಕೊಳ್ಳದಿದ್ದರೆ, ಎದೆನೋವು ಅಂದರೆ, ಮಾತು ತೊದಲಿದರೆ, ಕೈ ಕಾಲು ಸೋತರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.